ಅತ್ತೆಯ ಭತ್ತಕ್ಕೆ ಸರ್ಟಿಫಿಕೇಟ್ ಬಂತು: ಮೂರೂವರೆ ವರ್ಷದ ಓಡಾಟ ಮತ್ತು ಲೆಕ್ಕ

ನವೆಂಬರ್ ಕೊನೆಯ ವಾರ. ಕೊಯ್ಲು ನಡೆಯುತ್ತಿತ್ತು. ಪೋಸ್ಟ್‌ಮ್ಯಾನ್ ಗದ್ದೆ ಬದುವಿಗೇ ಬಂದು ಒಂದು ಲಕೋಟೆ ಕೊಟ್ಟು ಹೋದರು. ಒಳಗೆ ನಮ್ಮ ಅತ್ತೆಯ ಹೆಸರಿನಲ್ಲಿ ರೈತ ತಳಿಯ, ಅಂದರೆ ರೈತರೇ ಉಳಿಸಿಕೊಂಡು ಬಂದ ತಳಿಯ, ನೋಂದಣಿ ಪ್ರಮಾಣಪತ್ರ ಇತ್ತು. ಅರ್ಜಿ ಹಾಕಿದ್ದು 2022ರ ಜೂನ್‌ನಲ್ಲಿ. ಕೈಗೆ ಬಂದಿದ್ದು 2025ರಲ್ಲಿ. ಅತ್ತೆ ಕುಡುಗೋಲು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಾಗದ ಹಿಡಿದರು. ತಮ್ಮ ಹೆಸರು ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ನನ್ನ ಕೈಗೆ ಕೊಟ್ಟು ಮತ್ತೆ ಕೊಯ್ಲಿಗೆ ಬಗ್ಗಿದರು.

ಈ ಓಡಾಟದಲ್ಲಿ ನನಗೆ ಎದ್ದ ಪ್ರಶ್ನೆಗಳಿಗೆ ಕನ್ನಡದಲ್ಲಿ ಒಂದೇ ಕಡೆ ಉತ್ತರ ಸಿಗಲಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೂ ಹಿರಿಯರು ಉಳಿಸಿದ ಬೀಜ ಇದ್ದರೆ, ನಾನು ಎಡವಿದಲ್ಲಿ ನೀವು ಎಡವದೆ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ದುಡ್ಡಿನ ವಿಷಯವನ್ನೂ ಮುಚ್ಚಿಡದೆ ಬರೆಯುತ್ತೇನೆ. ತಳಿ ಉಳಿಸುವುದರ ಬಗ್ಗೆ ಮಾತಾಡುವವರು ತುಂಬಾ ಜನ ಇದ್ದಾರೆ. ಅದಕ್ಕೆ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ, ಆ ಖರ್ಚನ್ನು ಯಾರು ಹೊರುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮದು ಸೊರಬ ತಾಲ್ಲೂಕು, ವರದಾ ನದಿಯ ಬಯಲು. ಒಟ್ಟು ಮೂರು ಎಕರೆ. ಒಂದು ಎಕರೆ ಅಡಿಕೆ ತೋಟ, ಒಂದು ಎಕರೆ ಮೇಲಿನ ಗದ್ದೆ, ಇನ್ನೊಂದು ಎಕರೆ ಹೊಳೆಯ ಕಡೆಗಿರುವ ತಗ್ಗಿನ ಗದ್ದೆ. ಈ ತಗ್ಗಿನ ಗದ್ದೆಗೆ ಮಳೆಗಾಲದಲ್ಲಿ ನೆರೆ ನುಗ್ಗುತ್ತದೆ. ಅಲ್ಲಿ 20 ಗುಂಟೆಗೆ ಅತ್ತೆ ತಾವು ಮದುವೆಯಾಗಿ ಬಂದಾಗಿನಿಂದ ಒಂದೇ ಭತ್ತ ಹಾಕಿಸುತ್ತಾರೆ. ಕೆಂಪಕ್ಕಿ, ಎತ್ತರದ ಪೈರು, ತೆನೆಗೆ ಉದ್ದ ಮೀಸೆ. ಮೀಸೆ ಇರುವುದರಿಂದ ಹಂದಿ ಕಾಟ ಸ್ವಲ್ಪ ಕಡಿಮೆ. ಮನೆಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. 'ಹಳೇ ಕೆಂಪು' ಅನ್ನುತ್ತಿದ್ದೆವು, ಅಷ್ಟೇ. ಉಳಿದ 20 ಗುಂಟೆಗೆ ಒಂದು ವರ್ಷ ಅಭಿಲಾಷ, ಇನ್ನೊಂದು ವರ್ಷ ಎಂಟಿಯು 1001, ಹೀಗೆ ಸುಧಾರಿತ ತಳಿ.

2019ರ ಆಗಸ್ಟ್ ನೆರೆ ನಿಮಗೆ ನೆನಪಿರಬಹುದು. ನಮ್ಮ ತಗ್ಗಿನ ಗದ್ದೆ ಒಂಬತ್ತು ದಿನ ನೀರಿನಡಿ ಇತ್ತು. ನೀರು ಇಳಿದಾಗ ಸುಧಾರಿತ ತಳಿ ಪೂರ್ತಿ ಕೊಳೆತು ವಾಸನೆ ಹೊಡೆಯುತ್ತಿತ್ತು. ಉಳುಮೆ, ನಟ್ಟಿ, ಗೊಬ್ಬರ ಎಲ್ಲ ಸೇರಿ ಆಗಿನ ಬೆಲೆಯಲ್ಲಿ ಸುಮಾರು ₹8,000 ನೀರು ಪಾಲಾಯಿತು. ಪಕ್ಕದ ಹಳೇ ಕೆಂಪು ಕೆಸರು ಮೆತ್ತಿಕೊಂಡು ಬಿದ್ದಿತ್ತು. ವಾರದೊಳಗೆ ಬುಡದಿಂದ ಹಸಿರು ಚಿಗುರಿತು. ಆ ವರ್ಷ ಅದರಲ್ಲಿ 4 ಕ್ವಿಂಟಲ್ ಭತ್ತ ಸಿಕ್ಕಿತು. ಬೆಳೆ ವಿಮೆ ಇತ್ತಲ್ವಾ ಎಂದು ಕೇಳಬಹುದು. ಭತ್ತ ನೀರಿನಲ್ಲಿ ಮುಳುಗಿದ್ದಕ್ಕೆ ಹೊಲವಾರು ಪರಿಹಾರ ಕೊಡುವುದನ್ನು 2018ರಲ್ಲೇ ತೆಗೆದುಬಿಟ್ಟಿದ್ದರು. ಹಾಗಾಗಿ ಆ ವರ್ಷ ನಮಗೆ ವಿಮೆ ಅಂತ ಇದ್ದಿದ್ದು ಅತ್ತೆಯ ಬೀಜ ಮಾತ್ರ. ಅಲ್ಲಿಯವರೆಗೆ ಅದನ್ನು ಹಿರಿಯರ ಹಟ ಎಂದುಕೊಂಡಿದ್ದವಳು ನಾನೇ.

ಒಂದು ಬೀಜ ಮೇಳದಲ್ಲಿ ಕೃಷಿ ವಿಜ್ಞಾನಿಯೊಬ್ಬರ ಮಾತು ಕೇಳಿದೆ. ಒಡಿಶಾದಲ್ಲಿ ಧಾಲಪುಟ್ಟಿಯ ಎಂಬ ನಾಟಿ ಭತ್ತ ಇತ್ತಂತೆ. ಅದರಿಂದ ಆರಿಸಿದ ಎಫ್‌ಆರ್ 13ಎ ಎಂಬ ತಳಿಯಲ್ಲಿ ಮುಳುಗಡೆ ತಡೆಯುವ ಸಬ್‌1 ಜೀನ್ ಸಿಕ್ಕಿತು. ಅದನ್ನು ಸ್ವರ್ಣ ತಳಿಗೆ ಸೇರಿಸಿ 2009ರಲ್ಲಿ ಸ್ವರ್ಣ-ಸಬ್‌1 ಬಿಡುಗಡೆ ಮಾಡಿದರು. ಇವತ್ತು ಪೂರ್ವ ಭಾರತದ ನೆರೆ ಬಯಲುಗಳಲ್ಲಿ ಅದು ಬೆಳೆಯುತ್ತದೆ. ಕೇಳುತ್ತಾ ಕೂತವಳಿಗೆ ಒಂದೇ ಯೋಚನೆ. ಆ ಜೀನ್ ಪತ್ತೆಯಾಗುವ ತನಕ ಧಾಲಪುಟ್ಟಿಯವನ್ನು ಕಡಿಮೆ ಇಳುವರಿಗೂ ಬಿಡದೆ ಬಿತ್ತಿಕೊಂಡು ಬಂದ ಮನೆಗಳು ಯಾವುವು? ಅವರ ಹೆಸರು ಎಲ್ಲಾದರೂ ಬರೆದಿದೆಯಾ? ಅತ್ತೆಯ ಹೆಸರನ್ನಾದರೂ ಬರೆಸಬೇಕು ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಇದಕ್ಕಿರುವ ಕಾನೂನು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ಅದರಡಿ ತಳಿ ನೋಂದಣಿ ಮಾಡುವ ಪ್ರಾಧಿಕಾರದ ಮುಖ್ಯ ಕಚೇರಿ ದೆಹಲಿಯಲ್ಲಿದೆ. ಶಾಖಾ ಕಚೇರಿ ಶಿವಮೊಗ್ಗದಲ್ಲೇ ಇದೆ ಎಂದು ತಿಳಿದಾಗ ಅರ್ಧ ಭಯ ಹೋಯಿತು. ರೈತ ತಳಿಗೆ ಅರ್ಜಿ ಶುಲ್ಕ ಇಲ್ಲ. ತಳಿ ಪರೀಕ್ಷೆಗೂ ಶುಲ್ಕ ಇಲ್ಲ. ತಳಿ ಹೊಸದಾಗಿರಬೇಕು ಎಂಬ ಷರತ್ತೂ ಇಲ್ಲ. ಯಾರಾದರೂ ನಿಮ್ಮ ಹತ್ತಿರ 'ಫೀಸು' ಎಂದು ಕೇಳಿದರೆ ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ಗೊಂದಲ ಎದ್ದಿದ್ದು ಮನೆಯೊಳಗೆ. ಅರ್ಜಿ ಯಾರ ಹೆಸರಿನಲ್ಲಿ? ಪಹಣಿ ಇರುವುದು ನಮ್ಮ ಮನೆಯವರ ಹೆಸರಿನಲ್ಲಿ. ಟೈಪಿಂಗ್ ಅಂಗಡಿಯಲ್ಲಿ, ಪಂಚಾಯಿತಿಯಲ್ಲಿ ಎಲ್ಲರೂ 'ಖಾತೆದಾರರ ಹೆಸರು ಹಾಕಿ' ಅಂದರು. ಆದರೆ ಬೀಜ ಉಳಿಸಿದವರು ಅವರಲ್ಲ. ಅದು ಅವರಿಗೂ ಗೊತ್ತು. ಕಾಯ್ದೆಯ ಕನ್ನಡ ಸಾರಾಂಶ ಹುಡುಕಿ ಓದಿದೆ. ಅದರ ಪ್ರಕಾರ ರೈತ ಅಂದರೆ ಉಳುವವರು ಮಾತ್ರ ಅಲ್ಲ. ಸಾಂಪ್ರದಾಯಿಕ ತಳಿಯನ್ನು ಒಬ್ಬರೇ ಆಗಲಿ, ಇತರರ ಜೊತೆ ಸೇರಿ ಆಗಲಿ ಕಾಪಾಡಿಕೊಂಡು ಬಂದವರೂ ರೈತರೇ. ಅಷ್ಟು ಸಾಕಾಯಿತು. ಅತ್ತೆಯ ಹೆಸರೇ ಬರೆದೆವು. ಎಪ್ಪತ್ತು ದಾಟಿದವರು, ಸಹಿ ಮಾಡಿ ಎಷ್ಟೋ ವರ್ಷ ಆಗಿತ್ತು. ಹೆಬ್ಬೆಟ್ಟು ಬೇಡ, ಸಹಿಯನ್ನೇ ಹಾಕುತ್ತೇನೆ ಎಂದು ಎರಡು ಸಂಜೆ ಮೊಮ್ಮಗಳ ಪಾಟಿಯ ಮೇಲೆ ಬರೆದು ಅಭ್ಯಾಸ ಮಾಡಿದರು.

ಅರ್ಜಿಯ ಜೊತೆ ತಾಂತ್ರಿಕ ಪ್ರಶ್ನಾವಳಿ ಇರುತ್ತದೆ. ಭತ್ತದ ತಳಿ ಗುರುತಿಸಲು ಒಟ್ಟು 62 ಲಕ್ಷಣ ನೋಡುತ್ತಾರೆ. ಎಲೆಯ ಬಣ್ಣ, ಕಾಂಡದ ಎತ್ತರ, ತೆನೆಯ ಬಾಗು, ಮೀಸೆಯ ಉದ್ದ, ಕೊನೆಗೆ ಹೂವಿನೊಳಗೆ ಪರಾಗ ಹಿಡಿಯುವ ಶಲಾಕಾಗ್ರದ ಬಣ್ಣದವರೆಗೆ. ಎಲ್ಲವನ್ನೂ ನಾವೇ ಬರೆಯಬೇಕಿಲ್ಲ, ಮುಖ್ಯವಾದವು ಸಾಕು. ಆದರೆ ಬರೆಯುವುದನ್ನು ಬೆಳೆ ನಿಂತಿರುವಾಗಲೇ ನೋಡಿ ಬರೆಯಬೇಕು. ನಾನು ಅರ್ಜಿ ನಮೂನೆ ತಂದಿದ್ದು 2021ರ ಜನವರಿಯಲ್ಲಿ. ಗದ್ದೆಯಲ್ಲಿ ಕೂಳೆ ಬಿಟ್ಟು ಏನೂ ಇರಲಿಲ್ಲ. ಹಾಗಾಗಿ ಒಂದು ಪೂರ್ತಿ ಮಳೆಗಾಲ ಕಾಯಬೇಕಾಯಿತು. ನೀವು ಜೂನ್‌ಗೆ ಮೊದಲೇ ನಮೂನೆ ತಂದಿಟ್ಟುಕೊಂಡರೆ ಒಂದು ವರ್ಷ ಉಳಿಯುತ್ತದೆ.

ಆ ಮಳೆಗಾಲ ನನಗೆ ಅತ್ತೆಯಿಂದ ಪಾಠ ಆಯಿತು. ಸಸಿಮಡಿಯಲ್ಲೇ ಅವರು ಕೆಲವು ಸಸಿ ಕಿತ್ತು ಎಸೆಯುತ್ತಿದ್ದರು. ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಹಳೇ ಕೆಂಪಿನ ಸಸಿಯ ಬುಡದಲ್ಲಿ ತೆಳ್ಳಗೆ ನೇರಳೆ ಗೆರೆ ಇರುತ್ತದೆ. ಗೆರೆ ಇಲ್ಲದಿದ್ದರೆ ಬೆರಕೆ. ಪ್ರಶ್ನಾವಳಿಯಲ್ಲಿ ಎಲೆಬುಡದ ಬಣ್ಣ ಎಂಬ ಸಾಲು ಬಂದಾಗ ನನಗೆ ರೋಮಾಂಚನ ಆಯಿತು. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುತ್ತೇವಲ್ಲ, ಅವತ್ತೇ ಅತ್ತೆ ಒಳ್ಳೆಯ ಬುಡಗಳಿಗೆ ಬಾಳೆನಾರು ಕಟ್ಟಿ ಗುರುತು ಮಾಡುತ್ತಾರೆ. ಕೊಯ್ಲಿನಲ್ಲಿ ಆ ತೆನೆಗಳನ್ನು ಬೇರೆಯಾಗಿ ಕೊಯ್ದು ಬೀಜಕ್ಕೆ ಇಡುತ್ತಾರೆ. ಭತ್ತ ತನ್ನದೇ ಪರಾಗದಿಂದ ಕಾಳು ಕಟ್ಟುವ ಬೆಳೆ. ಅಡ್ಡತಳಿ ಆಗುವುದು ತೀರಾ ಕಡಿಮೆ. ಹೆಚ್ಚಿನ ಬೆರಕೆ ಆಗುವುದು ಕಣದಲ್ಲಿ, ಒಕ್ಕುವ ಯಂತ್ರದಲ್ಲಿ, ಚೀಲದಲ್ಲಿ. ನಿಮ್ಮ ಬೀಜ ಬೆರಕೆಯಾಗಿದ್ದರೆ ಅರ್ಜಿಗೆ ಮೊದಲು ಒಂದೆರಡು ವರ್ಷ ಹೀಗೆ ತೆನೆ ಆರಿಸಿ ಶುದ್ಧ ಮಾಡಿಕೊಳ್ಳಿ. ರೈತ ತಳಿಗೆ ಬೆರಕೆ ಗಿಡಗಳ ಮಿತಿಯಲ್ಲಿ ಎರಡು ಪಟ್ಟು ರಿಯಾಯಿತಿ ಇದೆ. ಆದರೂ ಬೇಕಾಬಿಟ್ಟಿ ಇದ್ದರೆ ಆಗುವುದಿಲ್ಲ.

ಮುಂದಿನದು ದೃಢೀಕರಣ. ಈ ತಳಿ ಈ ರೈತರದ್ದೇ ಎಂದು ಯಾರಾದರೂ ಅಧಿಕೃತರು ಸಹಿ ಹಾಕಬೇಕು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಹಾಕಬಹುದು. ಜಿಲ್ಲಾ ಕೃಷಿ ಅಧಿಕಾರಿ ಅಥವಾ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರೂ ಹಾಕಬಹುದು. ನಾನು ಹತ್ತಿರ ಎಂದು ಪಂಚಾಯಿತಿಗೆ ಹೋದೆ. ಸಮಿತಿ ಕಾಗದದ ಮೇಲೆ ಇತ್ತು. ಅಧ್ಯಕ್ಷರು ಯಾರು ಎಂದು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಎರಡನೇ ಸಲ ಹೋದಾಗ ಪಿಡಿಒ ಸಭೆಗೆ ಹೋಗಿದ್ದರು. ಮೂರನೇ ಸಲ ಅವರಿಗೆ ವರ್ಗ ಆಗಿತ್ತು. ಹೊಸಬರು ಬಂದು ಕಡತ ಹುಡುಕಿ, ಸಭೆ ಕರೆದು, ನಿರ್ಣಯ ಬರೆದು ಸಹಿ ಹಾಕುವ ಹೊತ್ತಿಗೆ 2022ರ ಮೇ ಬಂದಿತ್ತು. ಐದು ತಿಂಗಳು, ಏಳು ಭೇಟಿ. ಮೂರನೇ ಸಲ ವಾಪಸ್ ಬರುವಾಗ ಬಸ್ಸಿನಲ್ಲಿ ಕಣ್ಣೀರು ಬಂದುಬಿಟ್ಟಿತು. ಮನೆಯಲ್ಲಿ ಕೊಟ್ಟಿಗೆ ಕೆಲಸ, ಮಗಳ ಪರೀಕ್ಷೆ, ನಾನು ಒಂದು ಸೀಲಿಗಾಗಿ ತಿರುಗುತ್ತಿದ್ದೆ. ನಿಮ್ಮ ಪಂಚಾಯಿತಿಯ ಸಮಿತಿ ಚುರುಕಾಗಿದ್ದರೆ ಸರಿ. ಇಲ್ಲದಿದ್ದರೆ ಕಾಯದೆ ನೇರವಾಗಿ ಕೃಷಿ ಇಲಾಖೆಗೋ ವಿಶ್ವವಿದ್ಯಾಲಯಕ್ಕೋ ಹೋಗಿ.

ಇನ್ನೊಂದು ತಪ್ಪು ಮಾಡಿದೆ. ಬೀಜದಲ್ಲಿ ಟರ್ಮಿನೇಟರ್ ಜೀನ್ (ಬೆಳೆಯ ಬೀಜ ಮತ್ತೆ ಮೊಳೆಯದಂತೆ ಮಾಡುವ ಜೀನ್) ಇಲ್ಲ ಎಂದು ಅಫಿಡವಿಟ್ ಬೇಕು ಎಂದು ಟೈಪಿಂಗ್ ಅಂಗಡಿಯವರು ಹೇಳಿದರು. ಛಾಪಾ ಕಾಗದ, ನೋಟರಿ ಎಲ್ಲ ಸೇರಿ ₹350 ಕೊಟ್ಟು ಮಾಡಿಸಿದೆ. ಆ ಅಫಿಡವಿಟ್ ಬೇಕಾಗುವುದು ಬೇರೆ ಬಗೆಯ ಅರ್ಜಿಗಳಿಗೆ. ರೈತ ತಳಿಗೆ ಬೇಕಿಲ್ಲ.

ಜೂನ್‌ನಲ್ಲಿ ಶಿವಮೊಗ್ಗಕ್ಕೆ ಅರ್ಜಿ ಮತ್ತು ಬೀಜ ಕೊಟ್ಟು ಬಂದೆವು. ಅಲ್ಲಿನವರು ನಮ್ಮನ್ನು ಕೂರಿಸಿ, ಪ್ರಶ್ನಾವಳಿಯ ಒಂದೊಂದು ಸಾಲು ಓದಿ ಹೇಳಿ ತಿದ್ದಿಸಿದರು. ಇಂಗ್ಲಿಷ್ ಅರ್ಜಿ ಎಂದು ಹೆದರುವ ಅಗತ್ಯ ಇಲ್ಲ. ಸೆಪ್ಟೆಂಬರ್‌ನಲ್ಲಿ ಪತ್ರ ಬಂತು. ಎರಡು ಆಕ್ಷೇಪ ಇತ್ತು.

ಒಂದು ಹೆಸರಿನದು. ಪಕ್ಕದ ಊರಿನವರು ನಮ್ಮ ಊರಿನ ಹೆಸರು ಸೇರಿಸಿ ಈ ಭತ್ತವನ್ನು ಕರೆಯುತ್ತಾರೆ. ನಾವು ಅದನ್ನೇ ಬರೆದಿದ್ದೆವು. ತಳಿಯ ಹೆಸರಿನಲ್ಲಿ ಊರಿನ ಹೆಸರು ಇದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಹೆಸರಿನ ಬಳಕೆ ಪ್ರಾಮಾಣಿಕವಾದದ್ದು ಎಂದು ಪ್ರಾಧಿಕಾರದ ರಿಜಿಸ್ಟ್ರಾರ್‌ಗೆ ಮನವರಿಕೆಯಾದರೆ ಮಾತ್ರ ವಿನಾಯಿತಿ. ವಾದ ಮಾಡುತ್ತಾ ಕೂತರೆ ಇನ್ನೊಂದು ವರ್ಷ ಹೋಗುತ್ತದೆ ಎಂದು ಹೆಸರು ಬದಲಿಸಿದೆವು. ಎರಡನೆಯದು ಬೀಜದ್ದು. ಮೊಳಕೆ ಪ್ರಮಾಣ ಸಾಲದು ಎಂದು ಬರೆದಿದ್ದರು. ತಪ್ಪು ನನ್ನದೇ. ಅವಸರದಲ್ಲಿ ಎರಡು ವರ್ಷದ ಚೀಲ ಕಲೆಸಿ ಕಳಿಸಿದ್ದೆ. ಅತ್ತೆ ಬೈಯಲಿಲ್ಲ. ಆದರೆ ಅವತ್ತಿನಿಂದ ಪ್ರತಿ ಬೀಜದ ಚೀಲಕ್ಕೂ ವರ್ಷ ಬರೆದ ಚೀಟಿ ಹಾಕಿಸುತ್ತಾರೆ. ಕಳಿಸುವ ಮೊದಲು 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಎಂಬತ್ತಕ್ಕಿಂತ ಕಡಿಮೆ ಮೊಳೆತರೆ ಕಳಿಸಬೇಡಿ. ಬೀಜಕ್ಕೆ ಔಷಧಿ ಹಚ್ಚಬೇಡಿ. ಆ ವರ್ಷದ ಹೊಸ ಬೀಜ ಡಿಸೆಂಬರ್‌ನಲ್ಲಿ ಮತ್ತೆ ಕಳಿಸಿದೆವು.

ಅಲ್ಲಿಂದ ಮುಂದೆ ಕಾಯುವ ಕೆಲಸ. ರೈತ ತಳಿಯನ್ನು ಎರಡು ಕಡೆ ಒಂದು ಹಂಗಾಮು ಬೆಳೆದು ನೋಡುತ್ತಾರೆ. ಬೇರೆ ತಳಿಗಳಿಗಿಂತ ಭಿನ್ನವಾಗಿದೆಯಾ, ಗಿಡಗಳು ಒಂದೇ ಸಮ ಇವೆಯಾ, ಗುಣ ಸ್ಥಿರವಾಗಿದೆಯಾ ಎಂಬ ಪರೀಕ್ಷೆ ಅದು. ಅದು ಮುಗಿದ ಮೇಲೆ ಪ್ರಾಧಿಕಾರದ ಪತ್ರಿಕೆಯಲ್ಲಿ ಪ್ರಕಟಣೆ. ತಕರಾರು ಇದ್ದವರು ಹೇಳಲು ಮೂರು ತಿಂಗಳು ಅವಕಾಶ. ನಡುವೆ ತಿಂಗಳುಗಟ್ಟಲೆ ಏನೂ ಸುದ್ದಿ ಇರುವುದಿಲ್ಲ. ಅರ್ಜಿ ಸಂಖ್ಯೆಯನ್ನು ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೆ. ಎರಡು ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳುತ್ತಿದ್ದೆ.

ತಕರಾರು ಪತ್ರಿಕೆ ಓದಿದವರಿಂದ ಬರಲಿಲ್ಲ. ಊರಿನಲ್ಲಿ ಎದ್ದಿತು. 'ಅವರು ಭತ್ತವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರಂತೆ, ಇನ್ನು ನಾವು ಬಿತ್ತಿದರೆ ಕೇಸಂತೆ' ಎಂದು ಸುದ್ದಿ ಹಬ್ಬಿತು. 2019ರಲ್ಲಿ ಗುಜರಾತಿನಲ್ಲಿ ಪೆಪ್ಸಿಕೋ ಕಂಪನಿ ಆಲೂಗಡ್ಡೆ ತಳಿಯ ವಿಷಯಕ್ಕೆ ರೈತರ ಮೇಲೆ ಕೇಸು ಹಾಕಿತ್ತು. ಕೊನೆಗೆ ವಾಪಸ್ ಪಡೆಯಿತು. ಅದನ್ನು ಯಾರೋ ಮೊಬೈಲಿನಲ್ಲಿ ತೋರಿಸಿದ್ದರು. ಪಕ್ಕದ ಮನೆಯ ದೊಡ್ಡಮ್ಮ ಒಂದು ವಾರ ನಮ್ಮ ಮನೆ ಅಂಗಳಕ್ಕೆ ಬರಲಿಲ್ಲ. ಆ ಬೀಜವನ್ನು ಹಿಂದೆ ಅವರ ಮನೆಯಲ್ಲೂ ಬೆಳೆಯುತ್ತಿದ್ದರು. ಒಂದು ನೆರೆ ವರ್ಷ ಅತ್ತೆಗೆ ಬೀಜ ಕೊಟ್ಟವರೂ ಅವರೇ. ಇದು ನನಗೆ ಪಂಚಾಯಿತಿ ಅಲೆದಾಟಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಕಾಯ್ದೆಯ 39ನೇ ಕಲಂ ಸ್ಪಷ್ಟವಾಗಿದೆ. ಯಾವ ರೈತರಾದರೂ ತಮ್ಮ ಬೆಳೆಯ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡ್ ಹಾಕಿ ಪೊಟ್ಟಣ ಮಾಡಿ ಬೀಜ ಮಾರುವ ಹಾಗಿಲ್ಲ, ಅಷ್ಟೇ. ಇದನ್ನು ಓದಿ ಹೇಳಿದೆ. ಅತ್ತೆ ಮೂರು ಮನೆಗೆ ತಲಾ ಎರಡು ಕೊಳಗ ಬೀಜ ಅಳೆದು ಕೊಟ್ಟು ಬಂದರು. ಅದು ಓದಿ ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು. ನಿಜ ಹೇಳಬೇಕೆಂದರೆ ನಾವು ಸಮುದಾಯವಾಗಿ ಅರ್ಜಿ ಹಾಕಬೇಕಿತ್ತು. ಒಬ್ಬ ರೈತ, ರೈತರ ಗುಂಪು, ಸಮುದಾಯ, ಯಾರು ಬೇಕಾದರೂ ಹಾಕಬಹುದು. ನಾಲ್ಕು ಮನೆ ಸೇರಿ ಹಾಕಿದ್ದರೆ ಆ ವಾರ ಬರುತ್ತಿರಲಿಲ್ಲ. ನಿಮ್ಮ ತಳಿ ಊರಿನಲ್ಲಿ ಬೇರೆಯವರ ಹತ್ತಿರವೂ ಇದ್ದರೆ, ಮೊದಲು ಅವರ ಮನೆ ಜಗಲಿಯಲ್ಲಿ ಕೂತು ಮಾತಾಡಿ. ಆಮೇಲೆ ಅರ್ಜಿ.

ಇನ್ನು ದುಡ್ಡಿನ ಲೆಕ್ಕ. ನೋಂದಣಿಗೆ ನಮಗೆ ಖರ್ಚಾಗಿದ್ದು ಸುಮಾರು ₹4,500. ಫೋಟೋ, ಟೈಪಿಂಗ್, ಜೆರಾಕ್ಸ್, ಕೊರಿಯರ್, ಬಸ್ಸು, ಊಟ, ಆ ಬೇಡದ ಅಫಿಡವಿಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೂ ಅತ್ತೆಗೂ ಬಸ್ಸಿನ ಖರ್ಚು ನಿಂತಿತು. ಅದಕ್ಕಿಂತ ದೊಡ್ಡ ಖರ್ಚು 19 ದಿನದ ಕೆಲಸ. ಆದರೆ ಇದು ಒಂದು ಸಲದ ಖರ್ಚು. ತಳಿ ಉಳಿಸುವ ನಿಜವಾದ ಖರ್ಚು ಪ್ರತಿ ವರ್ಷದ್ದು.

2023ರಲ್ಲಿ ಎರಡೂ 20 ಗುಂಟೆಗೂ ಬೇರೆ ಬೇರೆ ಲೆಕ್ಕ ಬರೆದಿಟ್ಟೆ. ನೆರೆ ಬಾರದ ವರ್ಷ ಅದು. ಎಂಟಿಯು 1001ರಲ್ಲಿ 11 ಕ್ವಿಂಟಲ್ ಆಯಿತು. ಆ ವರ್ಷ ಸಾಮಾನ್ಯ ಭತ್ತಕ್ಕೆ ಬೆಂಬಲ ಬೆಲೆ ₹2,183 ಇತ್ತು. ಖರೀದಿ ಕೇಂದ್ರಕ್ಕೆ ಕಾಯಲಾಗದೆ ವ್ಯಾಪಾರಿಗೆ ₹2,100ಕ್ಕೆ ಕೊಟ್ಟೆವು. ₹23,100 ಬಂತು. ಉಳುಮೆ ಮತ್ತು ನಟ್ಟಿಗೆ ₹7,000, ಬೀಜಕ್ಕೆ ₹600, ಗೊಬ್ಬರ ಔಷಧಿಗೆ ₹3,200, ಕೊಯ್ಲಿನ ಯಂತ್ರಕ್ಕೆ ₹3,000. ಕೈಗೆ ಉಳಿದಿದ್ದು ₹9,300.

ಹಳೇ ಕೆಂಪಿನಲ್ಲಿ ಆಗಿದ್ದು 6 ಕ್ವಿಂಟಲ್. ಬೀಜ ಮನೆಯದು, ಗೊಬ್ಬರ ಕೊಟ್ಟಿಗೆಯದು. ಆದರೆ ಎತ್ತರದ ಪೈರು ಮಲಗುತ್ತದೆ, ಯಂತ್ರಕ್ಕೆ ಸಿಗುವುದಿಲ್ಲ. ಕೈಯಲ್ಲಿ ಕೊಯ್ದು ಬಡಿಯಲು ಕೂಲಿ ₹6,400. ಉಳುಮೆ ನಟ್ಟಿ ಸೇರಿ ₹13,400 ಖರ್ಚು. ಕೆಂಪಕ್ಕಿಯ ಭತ್ತಕ್ಕೆ ವ್ಯಾಪಾರಿ ಹೇಳಿದ ಬೆಲೆ ₹1,900, ಅಂದರೆ ಒಟ್ಟು ₹11,400. ಕೊಟ್ಟಿದ್ದರೆ ₹2,000 ನಷ್ಟ. ಇದರ ಹುಲ್ಲು ಮಾತ್ರ ಉದ್ದ, ಮೆತ್ತಗೆ, ದನಗಳಿಗೆ ಇಷ್ಟ. ನಮ್ಮ ಗೊಣಬೆಯಲ್ಲಿ ಹೆಚ್ಚಾಗಿ ಕೂತ ಹುಲ್ಲಿಗೆ ಕೊಳ್ಳುವ ಬೆಲೆಯಲ್ಲಿ ₹5,000 ಹಿಡಿದೆ. ಆಗ ₹3,000 ಉಳಿತಾಯ. ಎರಡರ ನಡುವಿನ ವ್ಯತ್ಯಾಸ ₹6,300. ಅತ್ತೆಯ ಬೀಜ ಒಂದು ಒಳ್ಳೆಯ ವರ್ಷದಲ್ಲಿ ನಮ್ಮ ಮನೆಯಿಂದ ಕೇಳುವ ಮೊತ್ತ ಅಷ್ಟು.

ವ್ಯಾಪಾರಿಗೆ ಕೊಡದೆ ಅಕ್ಕಿ ಮಾಡಿ ಮಾರೋಣ ಎಂದು ಹೊರಟಾಗ ಗಿರಣಿಯ ಸಮಸ್ಯೆ ಎದುರಾಯಿತು. ಯಾರೂ ಮೊದಲೇ ಎಚ್ಚರಿಸದ ವಿಷಯ ಇದು. ದೊಡ್ಡ ಗಿರಣಿಯಲ್ಲಿ 20 ಕ್ವಿಂಟಲ್‌ಗಿಂತ ಕಡಿಮೆ ಹಾಕುವುದಿಲ್ಲ ಅಂದರು. ಊರಿನ ಹಳೆಯ ಹಲ್ಲರ್‌ನಲ್ಲಿ ಹಾಕಿದರೆ ಅರ್ಧ ನುಚ್ಚು, ಕೆಂಪು ಸಿಪ್ಪೆ ಎಲ್ಲ ತೌಡಿನ ಪಾಲು. ಕೊನೆಗೆ 38 ಕಿಲೋಮೀಟರ್ ದೂರದಲ್ಲಿ ರಬ್ಬರ್ ರೋಲರ್ ಇರುವ ಸಣ್ಣ ಗಿರಣಿ ಸಿಕ್ಕಿತು. 5 ಕ್ವಿಂಟಲ್ ಭತ್ತ ಒಯ್ದೆವು. 330 ಕೆಜಿ ಅಕ್ಕಿ ಬಂತು. ಗಾಡಿ ಬಾಡಿಗೆ ₹1,600, ಗಿರಣಿಗೆ ₹1,250, ಚೀಲಕ್ಕೆ ₹1,100. ಪಾಲಿಶ್ ಮಾಡದ ಅಕ್ಕಿ ಬೇಗ ಹುಳು ಹಿಡಿಯುತ್ತದೆ. ತಿಂಗಳಿಗೆ ಸ್ವಲ್ಪ ಸ್ವಲ್ಪ ಮಾಡಿಸಿದರೆ ಒಳ್ಳೆಯದು. ಆದರೆ ಪ್ರತಿ ಸಲ ಗಾಡಿ ಬಾಡಿಗೆ ಕೊಡುವುದು ಯಾರು? ಪರಿಚಯದವರಿಗೆ, ಬೆಂಗಳೂರಿನ ನೆಂಟರಿಗೆ, ಅವರ ಸ್ನೇಹಿತರಿಗೆ ಕೆಜಿಗೆ ₹75ರಂತೆ 230 ಕೆಜಿ ಮಾರಲು ಏಳು ತಿಂಗಳು ಹಿಡಿಯಿತು. 20 ಕೆಜಿ ಹುಳು ಹಿಡಿದು ಕೋಳಿಗೆ ಹೋಯಿತು. 80 ಕೆಜಿ ಮನೆಯಲ್ಲಿ ಉಂಡೆವು.

ಖರ್ಚು ಕಳೆದು ₹13,300 ಸಿಕ್ಕಿತು. ಅದೇ 5 ಕ್ವಿಂಟಲ್ ವ್ಯಾಪಾರಿಗೆ ಕೊಟ್ಟಿದ್ದರೆ ₹9,500. ಅಂದರೆ ₹3,800 ಹೆಚ್ಚು. ವ್ಯತ್ಯಾಸ ₹2,500ಕ್ಕೆ ಇಳಿಯಿತು. ಉಂಡ 80 ಕೆಜಿ ಅಕ್ಕಿಗೂ ಬೆಲೆ ಹಿಡಿದರೆ ಆ ವ್ಯತ್ಯಾಸ ತುಂಬಿ ಹೋಗುತ್ತದೆ. ಆದರೆ ಇದರಲ್ಲಿ ನಮ್ಮ ಕೂಲಿ ಇಲ್ಲ. ಅತ್ತೆ ಬೆರಕೆ ಕಿತ್ತ ದಿನಗಳು, ಮನೆಯವರು ಗಿರಣಿಗೆ ಹೋದ ದಿನಗಳು, ನಾನು ಅಕ್ಕಿ ಗೇರಿ ಪೊಟ್ಟಣ ಕಟ್ಟಿದ ರಾತ್ರಿಗಳು, ಯಾವುದಕ್ಕೂ ಬೆಲೆ ಹಾಕಿಲ್ಲ. 'ನಾಟಿ ಅಕ್ಕಿಗೆ ₹75 ಜಾಸ್ತಿ ಅಲ್ವಾ' ಎಂದು ಕೇಳುವವರಿಗೆ ನಾನು ಈಗ ಈ ಲೆಕ್ಕದ ಹಾಳೆಯ ಫೋಟೋ ಕಳಿಸುತ್ತೇನೆ.

ಅದೇ ವರ್ಷ ಶುಂಠಿ ಬೆಲೆ ಏರಿತ್ತು. ಮೇಲಿನ ಗದ್ದೆಯನ್ನು ಗುತ್ತಿಗೆಗೆ ಕೇಳಿಕೊಂಡು ಬಂದವರು ಹೇಳಿದ ಮೊತ್ತ ನಮ್ಮ ಭತ್ತದ ಎಲ್ಲ ಲೆಕ್ಕವನ್ನೂ ನುಂಗುವಷ್ಟಿತ್ತು. ಮನೆಯಲ್ಲಿ ಎರಡು ರಾತ್ರಿ ಮಾತಾಯಿತು. ಸಾಲ ಇರುವ ಮನೆಯಲ್ಲಿ ಅದು ಸುಲಭದ ಮಾತಲ್ಲ. ಆದರೆ ತಗ್ಗಿನ ಗದ್ದೆಗೆ ಬೇಕಾದ ಸಸಿಮಡಿ ಹಾಕುವುದು ಮೇಲಿನ ಗದ್ದೆಯಲ್ಲೇ. ಅದು ಶುಂಠಿಗೆ ಹೋದರೆ ಹಳೇ ಕೆಂಪಿಗೆ ಸಸಿ ಎಲ್ಲಿಂದ? ಕೊಡಲಿಲ್ಲ. ಕೊಟ್ಟವರನ್ನು ನಾನು ತಪ್ಪು ಅನ್ನುವುದಿಲ್ಲ. ಅತ್ತೆ ಬೀಜ ಕೊಟ್ಟ ಮೂರು ಮನೆಯಲ್ಲಿ ಎರಡು ಮನೆಯವರು ಬಿತ್ತಿದರು. ಮುಂದಿನ ವರ್ಷ ಅವರಲ್ಲಿ ಒಬ್ಬರು ನಿಲ್ಲಿಸಿದರು. ಕೊಯ್ಲಿಗೆ ಆಳು ಸಿಗಲಿಲ್ಲ ಅಂದರು. ಅದು ನಿಜವೇ.

ಪ್ರಮಾಣಪತ್ರದಿಂದ ಏನು ಸಿಗುತ್ತದೆ ಎಂದು ಈಗ ಎಲ್ಲರೂ ಕೇಳುತ್ತಾರೆ. ದುಡ್ಡು ತಾನಾಗಿ ಬರುವುದಿಲ್ಲ. ಈ ತಳಿಯನ್ನು ಬಳಸಿ ಯಾರಾದರೂ ಹೊಸ ತಳಿ ಮಾಡಿ ನೋಂದಾಯಿಸಿದರೆ ಲಾಭದಲ್ಲಿ ಪಾಲು ಕೇಳಲು ನಮ್ಮ ಕೈಯಲ್ಲಿ ದಾಖಲೆ ಇರುತ್ತದೆ. ತಳಿ ಕಾಪಾಡಿದ ಸಮುದಾಯಗಳಿಗೆ ಪ್ರಾಧಿಕಾರ ₹10 ಲಕ್ಷದ ಪ್ರಶಸ್ತಿ ಕೊಡುತ್ತದೆ. ಒಬ್ಬೊಬ್ಬ ರೈತರಿಗೂ ಬೇರೆ ಪುರಸ್ಕಾರ ಇದೆ. ಅವಕ್ಕೆ ಬೇರೆಯೇ ಅರ್ಜಿ ಹಾಕಬೇಕು. ನೋಂದಣಿ ಮೊದಲು 6 ವರ್ಷಕ್ಕೆ, ನವೀಕರಿಸಿದರೆ ಒಟ್ಟು 15 ವರ್ಷಕ್ಕೆ. ನಾವು ಕೊಟ್ಟ ಬೀಜದ ಒಂದು ಪಾಲು ಪ್ರಾಧಿಕಾರದ ಜೀನ್ ಬ್ಯಾಂಕಿನಲ್ಲಿ ಉಳಿಯುತ್ತದೆ. ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿದ್ದು ಅದು. ನಮ್ಮ ಮನೆಯಲ್ಲಿ ಒಂದು ವರ್ಷ ತಪ್ಪಿದರೂ ಬೀಜ ಪೂರ್ತಿ ಕಳೆದುಹೋಗುವುದಿಲ್ಲ.

ಎಷ್ಟು ಜಾಗದಲ್ಲಿ ಬೆಳೆಯಬೇಕು ಎಂಬುದನ್ನೂ ಈಗ ಬೇರೆ ರೀತಿ ನೋಡುತ್ತಿದ್ದೇವೆ. ಕಾಸರಗೋಡಿನ ಸತ್ಯನಾರಾಯಣ ಬೆಳೇರಿ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತಲ್ಲ, ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಸಣ್ಣ ಜಾಗದಲ್ಲಿ, ಗ್ರೋ ಬ್ಯಾಗುಗಳಲ್ಲೂ ಬೆಳೆದು ಕಾಪಾಡಿದ್ದಾರೆ. ತಳಿ ಉಳಿಯಲು ಎಕರೆಗಟ್ಟಲೆ ಬೇಕಿಲ್ಲ. ನಮಗೆ ಬೀಜಕ್ಕೆ 5 ಗುಂಟೆ ಸಾಕು. ಊಟಕ್ಕೆ, ಖಾಯಂ ಕೊಳ್ಳುವ ಹನ್ನೆರಡು ಮನೆಗಳಿಗೆ ಇನ್ನು 10 ಗುಂಟೆ. ಹಾಗಾಗಿ ಮುಂದಿನ ವರ್ಷ 20ರ ಬದಲು 15 ಗುಂಟೆ, ಅದೂ ಹೊಳೆಗೆ ತೀರಾ ಹತ್ತಿರದ ಮಡಿಗಳಲ್ಲಿ ಹಾಕಲು ನಿರ್ಧರಿಸಿದ್ದೇವೆ. ನೆರೆ ಮೊದಲು ಬರುವುದು ಅಲ್ಲಿಗೇ. ಅತ್ತೆಗೆ 20ರಲ್ಲಿ 5 ಕಡಿಮೆ ಆಗಿದ್ದು ಇಷ್ಟ ಇರಲಿಲ್ಲ. ಲೆಕ್ಕ ತೋರಿಸಿದ ಮೇಲೆ ಒಪ್ಪಿದರು.

ಪ್ರಮಾಣಪತ್ರವನ್ನು ಪಹಣಿ, ಪಾಸ್‌ಬುಕ್ ಇರುವ ಟ್ರಂಕಿನಲ್ಲಿ ಇಟ್ಟಿದ್ದೇನೆ. ಎರಡು ಜೆರಾಕ್ಸ್ ಬೇರೆ ಕಡೆ ಇವೆ. 2031ರಲ್ಲಿ ನವೀಕರಣ ಮಾಡಿಸಬೇಕು ಎಂದು ಅತ್ತೆಗೆ ಹೇಳಲು ಹೋದಾಗ ಅವರು ಅಟ್ಟದ ಕೆಳಗೆ ಕೂತು ಬೀಜದ ಚೀಲಕ್ಕೆ ಲಕ್ಕಿ ಸೊಪ್ಪು ಹಾಕಿ ಬಾಯಿ ಕಟ್ಟುತ್ತಿದ್ದರು.

'ಅದು ನೀನು ನೋಡ್ಕ ಮಾರಾಯ್ತಿ' ಅಂದರು. 'ಮೊದ್ಲು ಇದಕ್ಕೆ ಈ ವರ್ಷದ ಚೀಟಿ ಹಾಕು. ಹೋದ ವರ್ಷದ್ದರ ಜೊತೆ ಕಲೆತು ಹೋದೀತು.'